ಬರಲಿರುವ ಕೀಟಕ್ಕೆ ತೆಂಗಿನ ತೋಟ ತೆರವು ಮಾಡುತ್ತಿದ್ದೇವೆ

ತೆಂಗಿನ ಮರದ ಕೆಳಸುತ್ತಿನ ಒಂದು ಗರಿ ಕೊಯ್ದು ಎಲೆಯ ಅಡಿಮಗ್ಗುಲು ನೋಡಿ. ತುಮಕೂರು, ಹಾಸನ, ಮಂಡ್ಯ, ರಾಮನಗರದ ಕಡೆ ಎಷ್ಟೋ ತೋಟಗಳಲ್ಲಿ ಅಲ್ಲಿ ಬಿಳಿ ಮೇಣದ ಸುರುಳಿ ಗುರುತುಗಳು ಕಾಣುತ್ತವೆ. ರುಗೋಸ್ ಬಿಳಿನೊಣ ಮೊಟ್ಟೆಯಿಟ್ಟ ಗುರುತು ಅದು. ಆ ಮೇಣವನ್ನು ಮೆಲ್ಲಗೆ ಒರೆಸಿ, ಅಂಟಿಕೊಂಡಿರುವ ಖಾಲಿ ಚಿಪ್ಪುಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಎರಡು ಬಗೆ ಸಿಗುತ್ತವೆ. ಕೆಲವು ಚಿಪ್ಪುಗಳ ಬೆನ್ನು ಇಂಗ್ಲಿಷಿನ ‘ಟಿ’ ಅಕ್ಷರದಂತೆ ಸೀಳಿದೆ. ಅವುಗಳಿಂದ ಬಿಳಿನೊಣ ಹಾರಿಹೋಗಿದೆ. ಉಳಿದವುಗಳಲ್ಲಿ ದುಂಡನೆಯ ಪುಟ್ಟ ತೂತು. ಅಲ್ಲಿಂದ ಹೊರಬಿದ್ದದ್ದು ನೊಣವಲ್ಲ, ನೊಣದ ಮರಿಯನ್ನು ಒಳಗಿನಿಂದ ತಿಂದು ಬೆಳೆದ ಎನ್‌ಕಾರ್ಸಿಯಾ ಗ್ವಾಡಲೂಪೆ ಎಂಬ ಪರಾವಲಂಬಿ ಕಣಜ. ಒಂದು ಮಿಲಿಮೀಟರ್ ಉದ್ದವೂ ಇಲ್ಲದ ಜೀವಿ. ಮನುಷ್ಯರನ್ನು ಕಚ್ಚುವುದಿಲ್ಲ, ಬೆಳೆಯನ್ನು ಮುಟ್ಟುವುದಿಲ್ಲ.

ತೆಂಗಿನ ಬೆಳೆಗಾರರು ಬಿಳಿನೊಣಗಳನ್ನು ಎಣಿಸುವ ಬದಲು ಈ ದುಂಡು ತೂತುಗಳನ್ನು ಎಣಿಸಬೇಕು. ಅವು ಹೆಚ್ಚಿರುವ ತೋಟಕ್ಕೆ ತನ್ನನ್ನು ತಾನು ಕಾಯ್ದುಕೊಳ್ಳುವ ಶಕ್ತಿ ಇನ್ನೂ ಇದೆ. ಅವು ಕಾಣದಂತಾದ ತೋಟ, ಈಗಿರುವ ಕೀಟಕ್ಕಷ್ಟೇ ಅಲ್ಲ, ಇನ್ನು ಬರಲಿರುವ ಕೀಟಗಳಿಗೂ ಬಾಗಿಲು ತೆರೆದಿಟ್ಟಂತೆ. ಸಿಂಪಡಣೆಯ ಅವಸರದಲ್ಲಿ ನಾವು ಆ ಎರಡನೆಯ ಸ್ಥಿತಿಯತ್ತ ಬೇಗ ಬೇಗ ಸಾಗುತ್ತಿದ್ದೇವೆ.

ರುಗೋಸ್ ಬಿಳಿನೊಣ ಮಧ್ಯ ಅಮೆರಿಕದ್ದು. 2004ರಲ್ಲಿ ಬೆಲೀಜ್ ದೇಶದ ಮಾದರಿಗಳಿಂದ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟರು. 2009ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಾಣಿಸಿತು. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಮತ್ತು ಕೇರಳದ ಪಾಲಕ್ಕಾಡ್ ಸೀಮೆಯ ತೆಂಗಿಗೆ ಹತ್ತಿ, ನೋಡನೋಡುತ್ತ ಕರ್ನಾಟಕ, ಆಂಧ್ರಕ್ಕೆ ಹಬ್ಬಿತು. ನಮ್ಮ ಅದೃಷ್ಟಕ್ಕೆ ಅದರ ಶತ್ರು ಮೊದಲೇ ಇಲ್ಲಿತ್ತು. 1990ರ ದಶಕದಲ್ಲಿ ಇನ್ನೊಂದು ಸುರುಳಿ ಬಿಳಿನೊಣ ದೇಶದೊಳಗೆ ಬಂದಿತ್ತು, ಅದರ ಬೆನ್ನಲ್ಲೇ ಎನ್‌ಕಾರ್ಸಿಯಾ ಕೂಡ ಯಾರೂ ತರದೆಯೇ ಬಂದು ನೆಲೆಸಿತ್ತು. ಹೊಸ ನೊಣ ಬಂದಾಗ ಅದರ ಮೇಲೂ ಬಿತ್ತು. ಸಮೀಕ್ಷೆ ನಡೆಸಿದಾಗ ಕೆಲವು ತೋಟಗಳಲ್ಲಿ ಶೇ 20ರಷ್ಟು ಮರಿಗಳಲ್ಲಿ ಕಣಜ ಇತ್ತು, ವಿಷ ಬೀಳದ ತೋಟಗಳಲ್ಲಿ ಅದು ಶೇ 80ನ್ನು ದಾಟಿದ್ದೂ ಉಂಟು.

ಆದ್ದರಿಂದಲೇ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಮತ್ತು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಮೊದಲಿನಿಂದ ಒಂದೇ ಮಾತು ಹೇಳಿಕೊಂಡು ಬಂದಿವೆ: ಈ ನೊಣಕ್ಕೆ ರಾಸಾಯನಿಕ ಕೀಟನಾಶಕ ಬೇಡ. ಎಳೆಯ ಗಿಡಗಳಿಗೆ ರಭಸದಿಂದ ನೀರು ಹಾಯಿಸಿ, ಕಾಟ ಹೆಚ್ಚಿದ್ದರೆ ಲೀಟರ್ ನೀರಿಗೆ 5 ಮಿಲಿಯಂತೆ ಬೇವಿನ ಎಣ್ಣೆ ಸಿಂಪಡಿಸಿ, ಇಸಾರಿಯಾ ಎಂಬ ಶಿಲೀಂಧ್ರ ಬಳಸಿ, ಕಣಜ ಹೊಕ್ಕ ಮರಿಗಳಿರುವ ಗರಿಯ ತುಂಡುಗಳನ್ನು ಕಣಜವಿಲ್ಲದ ತೋಟಕ್ಕೆ ಒಯ್ದು ಕಟ್ಟಿ. ತೆಂಗಿನ ನಡುವೆ ಬಾಳೆ, ಕ್ಯಾನಾ ಗಿಡಗಳಿದ್ದರೆ ಅಲ್ಲಿಯೂ ಕಣಜ ನೆಲೆ ಹೂಡುತ್ತದೆ.

ಈ ಸಲಹೆ ಎಲ್ಲರ ಕಿವಿಗೆ ಬಿದ್ದಿದೆ, ತಾಳ್ಮೆಯಿಂದ ಪಾಲಿಸಿದವರು ಕಡಿಮೆ. ಬೆಳೆಗಾರರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ನೊಣ ಸುರಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು, ಗರಿ, ಗೊನೆ, ಕೆಳಗಿನ ಬಾಳೆ, ಕೋಕೊ ಎಲ್ಲವೂ ಮಸಿ ಬಳಿದಂತಾದಾಗ, ವರ್ಷದ ಆದಾಯವೆಲ್ಲ ಆ ಮರಗಳ ಮೇಲೇ ಇರುವವರಿಗೆ ‘ಕಾಯಿರಿ, ಕಣಜ ಬರುತ್ತದೆ’ ಎಂಬ ಮಾತು ಸಮಾಧಾನ ತರುವುದಿಲ್ಲ. ಅಂಗಡಿಯಾತ ಕೊಡುವ ಬಾಟಲಿ ಸಮಾಧಾನ ತರುತ್ತದೆ. ಒಬ್ಬರು ಪಂಪ್ ಹಚ್ಚಿದರೆ ಪಕ್ಕದವರೂ ಹಚ್ಚುತ್ತಾರೆ. ಎತ್ತರದ ಮರಕ್ಕೆ ಸಿಂಪಡಣೆ ಮುಟ್ಟದಿದ್ದರೆ ಬೇರಿಗೆ ವಿಷ ಉಣಿಸುವುದು, ಕಾಂಡಕ್ಕೆ ತೂತು ಕೊರೆದು ತುಂಬುವುದು ನಡೆಯುತ್ತದೆ.

ಹೀಗೆ ಮಾಡಿದಾಗ ಎಲೆಯ ಅಡಿಯಲ್ಲಿ ಏನಾಗುತ್ತದೆ? ನೊಣದ ಮರಿಗೆ ಮೇಣದ ಹೊದಿಕೆಯಿದೆ, ಅದು ಎಲೆಯ ಕೆಳಗೆ ಅಡಗಿದೆ. ಕಣಜಕ್ಕೆ ಯಾವ ಮರೆಯೂ ಇಲ್ಲ. ಮರಿಯನ್ನು ಹುಡುಕುತ್ತ ಅದು ಎಲೆಯ ಮೇಲೆಲ್ಲ ನಡೆದಾಡುತ್ತದೆ, ಅಂದರೆ ವಿಷದ ಮೇಲೇ ನಡೆದಾಡುತ್ತದೆ. ಕಾಂಡದಲ್ಲಿ ತುಂಬಿದ ವಿಷ ರಸದೊಡನೆ ಏರಿ ಮರಿಯನ್ನು ಕೊಂದರೆ ಅದರೊಳಗೆ ಬೆಳೆಯುತ್ತಿರುವ ಕಣಜವೂ ಸಾಯುತ್ತದೆ. ಯಾವ ಸಿಂಪಡಣೆಯೂ ತೋಟದ ಎಲ್ಲ ನೊಣಗಳನ್ನು ಮುಗಿಸುವುದಿಲ್ಲ. ಉಳಿದ ನೊಣಗಳಿಗೆ ಆಹಾರಕ್ಕೆ ತೋಟವೆಲ್ಲ ತೆಂಗಿದೆ, ಕೂಡಲೇ ಹೆಚ್ಚುತ್ತವೆ. ಉಳಿದ ಕಣಜಗಳಿಗಾದರೆ ನೊಣ ಮತ್ತೆ ಹೆಚ್ಚುವವರೆಗೂ ಮೊಟ್ಟೆಯಿಡಲು ಜಾಗವಿಲ್ಲ. ಪ್ರತಿ ಸಿಂಪಡಣೆಯ ನಂತರವೂ ಓಟದಲ್ಲಿ ನೊಣವೇ ಮುಂದಿರುತ್ತದೆ. ಬಿಳಿನೊಣಕ್ಕೆಂದು ಸುರಿದ ವಿಷ, ತೆಂಗಿನ ಗರಿ ತಿನ್ನುವ ಕಪ್ಪುತಲೆ ಹುಳುವನ್ನು ಹಿಡಿತದಲ್ಲಿಟ್ಟಿರುವ ಗೋನಿಯೋಜಸ್ ಕಣಜವನ್ನೂ ಬಿಡುವುದಿಲ್ಲ. ಆ ಕಣಜವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋಟಕ್ಕೆ ಬಿಟ್ಟ ಅನುಭವ ನಮ್ಮ ತೆಂಗಿನ ಸೀಮೆಗೆ ಹಳೆಯದು.

ಇದು ಊಹೆಯಲ್ಲ. ಕ್ಯಾಲಿಫೋರ್ನಿಯಾದ ಕಿತ್ತಳೆ, ನಿಂಬೆ ತೋಟಗಳು 1880ರ ದಶಕದಲ್ಲಿ ಆಸ್ಟ್ರೇಲಿಯಾದಿಂದ ಬಂದ ಹತ್ತಿಯಂಥ ಶಲ್ಕಕೀಟದಿಂದ ನಾಶದ ಅಂಚಿಗೆ ಬಂದಿದ್ದವು. ಆಲ್ಬರ್ಟ್ ಕೋಬೆಲೆ ಎಂಬ ಕೀಟ ಸಂಗ್ರಾಹಕ ಆ ಕೀಟದ ತವರಿಗೇ ಹೋಗಿ, 1888ರ ಕೊನೆಯಲ್ಲಿ ವೆಡಾಲಿಯಾ ಎಂಬ ಗುಲಗಂಜಿ ದುಂಬಿಯನ್ನು ಹಡಗಿನಲ್ಲಿ ಕಳಿಸಿದ. ಮೊದಲ ಕಂತುಗಳಲ್ಲಿ ತಲುಪಿದ ದುಂಬಿಗಳು ಬರೀ 129. ಮರುವರ್ಷ ಮುಗಿಯುವಷ್ಟರಲ್ಲಿ ಶಲ್ಕಕೀಟ ತಹಬಂದಿಗೆ ಬಂದಿತ್ತು. ಮುಂದೆ ನೀಲಗಿರಿಗೂ ಇದೇ ದುಂಬಿಯನ್ನು ತಂದರು. ಕ್ಯಾಲಿಫೋರ್ನಿಯಾದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೆಳೆಗಾರರು ಆ ಕೀಟವನ್ನು ಮರೆತೇಬಿಟ್ಟಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬೇರೆ ಕೀಟಗಳಿಗೆಂದು ಡಿಡಿಟಿ ಸಿಂಪಡಿಸತೊಡಗಿದರು. ವೆಡಾಲಿಯಾ ಸತ್ತಿತು, ಶಲ್ಕಕೀಟ ಮರಗಳ ತುಂಬ ಮರಳಿತು. ಡಿಡಿಟಿ ನಿಲ್ಲಿಸಿ ದುಂಬಿಯನ್ನು ಮತ್ತೆ ತಂದು ಬಿಟ್ಟ ಮೇಲೆಯೇ ತೋಟಗಳು ಸುಧಾರಿಸಿದವು. ಇಂಡೊನೇಷ್ಯಾದ ಭತ್ತದ ಗದ್ದೆಗಳಲ್ಲಿ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆಯಿತು. ಸರ್ಕಾರ ಸಹಾಯಧನ ಕೊಟ್ಟು ಹೊಡೆಸಿದ ಕೀಟನಾಶಕಗಳೇ ಜೇಡ ಮತ್ತಿತರ ಭಕ್ಷಕಗಳನ್ನು ಕೊಂದು ಕಂದು ಜಿಗಿಹುಳುವನ್ನು ಬೆಳೆಸಿದ್ದವು. 1986ರಲ್ಲಿ ಅಧ್ಯಕ್ಷ ಸುಹಾರ್ತೊ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿದರು, ಸಹಾಯಧನವನ್ನೂ ಹಂತಹಂತವಾಗಿ ನಿಲ್ಲಿಸಲಾಯಿತು. ಭತ್ತದ ಉತ್ಪಾದನೆ ಕುಸಿಯಲಿಲ್ಲ.

ಇದೆಲ್ಲ ಈಗಿರುವ ಕೀಟದ ಮಾತು. ನನ್ನ ಹೆಚ್ಚಿನ ಭಯ ಇನ್ನೂ ಬಾರದವುಗಳದ್ದು.

ವಿದೇಶಿ ಜೀವಿಗಳ ಕುರಿತು 2023ರಲ್ಲಿ ಹೊರಬಂದ, ಜೀವವೈವಿಧ್ಯದ ಅಂತರ-ಸರ್ಕಾರಿ ವೇದಿಕೆ ಐಪಿಬಿಇಎಸ್‌ನ ಜಾಗತಿಕ ವರದಿಯ ಪ್ರಕಾರ ಮನುಷ್ಯರ ಚಟುವಟಿಕೆಯಿಂದ ತವರು ಬಿಟ್ಟು ಬೇರೆಡೆ ನೆಲೆಸಿದ ಜೀವಿಗಳು 37,000ಕ್ಕೂ ಹೆಚ್ಚು. ಅವುಗಳಲ್ಲಿ 3,500ಕ್ಕೂ ಹೆಚ್ಚು ಹಾನಿಕರ. ವರ್ಷಕ್ಕೆ ಸುಮಾರು 200 ಹೊಸದಾಗಿ ಸೇರುತ್ತಿವೆ. ತೆಂಗಿನಲ್ಲಿ ಇದರ ಬಿಸಿ ಆಗಲೇ ತಟ್ಟಿದೆ. ರುಗೋಸ್ ಬಂದ ಎರಡು ವರ್ಷಕ್ಕೇ ಗೂಡು ಕಟ್ಟುವ ಎರಡು ಜಾತಿಯ ಬಿಳಿನೊಣಗಳು ಕೇರಳದಲ್ಲಿ ಸಿಕ್ಕವು. 2019ರಲ್ಲಿ ತಾಳೆ ಜಾತಿಯ ಮರಗಳಿಗೆ ಹತ್ತುವ ಮತ್ತೊಂದು ಬಿಳಿನೊಣ ದೇಶದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಮಂಡ್ಯದಲ್ಲಿ. ಪರಾವಲಂಬಿ ಕಣಜಗಳ ಆಹಾರದ ಆಯ್ಕೆ ಕಿರಿದು. ಒಂದು ನೊಣವನ್ನು ಮಟ್ಟಹಾಕಿದ ಕಣಜ ಇನ್ನೊಂದನ್ನೂ ಮಟ್ಟಹಾಕುತ್ತದೆಂಬ ಭರವಸೆಯಿಲ್ಲ.

ಇವುಗಳಿಗಿಂತ ಕಠಿಣವಾದದ್ದು ಬ್ರಾಂಟಿಸ್ಪಾ ಎಂಬ ಎಲೆದುಂಬಿ. ಇಂಡೊನೇಷ್ಯಾ, ಪಪುವಾ ನ್ಯೂಗಿನಿಯ ಮೂಲದ್ದು. ಮುಚ್ಚಿದ ಸುಳಿಯೊಳಗೆ ಸೇರಿಕೊಂಡು ಎಳೆಯ ಎಲೆಯ ಹಸಿರನ್ನು ಕೆರೆದು ತಿನ್ನುತ್ತದೆ. ಗರಿ ಬಿಚ್ಚಿದಾಗ ಬೆಂಕಿಗೆ ಸಿಕ್ಕಂತೆ ಕಂದಾಗಿರುತ್ತದೆ. 1999ರಲ್ಲಿ ವಿಯೆಟ್ನಾಂ ತಲುಪಿ ಅಲ್ಲಿನ ಲಕ್ಷಾಂತರ ತೆಂಗುಗಳನ್ನು ಸೊರಗಿಸಿತು. ಸುಳಿಯೊಳಗಿನ ದುಂಬಿಗೆ ಹೊರಗಿನ ಸಿಂಪಡಣೆ ಏನು ಮಾಡೀತು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ 2003ರಲ್ಲಿ ಸಮೋವಾ ದ್ವೀಪದಿಂದ ಆಸೆಕೋಡಿಸ್ ಎಂಬ ಕಣಜವನ್ನು ತಂದು ಬಿಟ್ಟ ಮೇಲೆ ಮರಗಳು ಚೇತರಿಸಿಕೊಂಡವು. ಅದೇ ದುಂಬಿ ಮಾಲ್ಡೀವ್ಸ್‌ಗೂ ಬಂತು. ಪ್ರವಾಸಿಗರ ರೆಸಾರ್ಟಿಗೆ ತಂದ ಅಲಂಕಾರದ ತಾಳೆಗಿಡಗಳೊಡನೆ ಬಂದಿತೆನ್ನುತ್ತಾರೆ. ಮಾಲ್ಡೀವ್ಸ್‌ನ ಉತ್ತರದ ತುದಿಯಿಂದ ನಮ್ಮ ಲಕ್ಷದ್ವೀಪದ ಮಿನಿಕಾಯ್‌ಗೆ 150 ಕಿಲೋಮೀಟರ್ ದೂರವೂ ಇಲ್ಲ.

ಇನ್ನೊಂದು ಎಚ್ಚರಿಕೆ ಪೆಸಿಫಿಕ್ ಸಾಗರದಿಂದ ಬಂದಿದೆ. ರೈನೋಸರಸ್ ದುಂಬಿ, ಕರಾವಳಿಯವರ ಕುರುವಾಯಿ, ತೆಂಗಿನ ಸುಳಿ ಕೊರೆಯುವ ಹಳೆಯ ವೈರಿ. ಜರ್ಮನಿಯ ಅಲೋಯ್ಸ್ ಹ್ಯೂಗರ್ 1963ರಲ್ಲಿ ಮಲೇಷ್ಯಾದಲ್ಲಿ ಆ ದುಂಬಿಗೆ ರೋಗ ತರುವ ವೈರಸ್ಸೊಂದನ್ನು ಕಂಡುಹಿಡಿದರು. 1967ರಲ್ಲಿ ಸಮೋವಾದಲ್ಲಿ ಅದನ್ನು ಬಿಟ್ಟಾಗ ದುಂಬಿಯ ಕಾಟ ಇಳಿಯಿತು. ಮುಂದಿನ ನಾಲ್ಕು ದಶಕ ಪೆಸಿಫಿಕ್ ದ್ವೀಪಗಳ ತೆಂಗನ್ನು ಕಾದದ್ದು ಹೆಚ್ಚಾಗಿ ಆ ವೈರಸ್ಸೇ. 1980ರ ದಶಕದಲ್ಲಿ ಮಿನಿಕಾಯ್‌ನಲ್ಲೂ ಅದನ್ನು ಬಳಸಿದರು. 2007ರಲ್ಲಿ ಗುವಾಮ್ ದ್ವೀಪದಲ್ಲಿ ಆ ವೈರಸ್ಸಿಗೆ ಬಗ್ಗದ ದುಂಬಿಯ ತಳಿ ಕಾಣಿಸಿತು. ಪಪುವಾ ನ್ಯೂಗಿನಿಯಲ್ಲಿ 2009, ಹವಾಯಿಯಲ್ಲಿ 2013, ಸೊಲೊಮನ್ ದ್ವೀಪಗಳಲ್ಲಿ 2015. ಹೀಗೆ ಅದು ಹಬ್ಬುತ್ತಲೇ ಇದೆ. ಜೈವಿಕ ನಿಯಂತ್ರಣವೆಂದರೆ ಒಮ್ಮೆ ಬಿಟ್ಟು ಮರೆಯುವ ಕೆಲಸವಲ್ಲ ಎಂಬುದಕ್ಕೆ ಗುವಾಮ್‌ಗಿಂತ ಬೇರೆ ಸಾಕ್ಷಿ ಬೇಡ.

ಹೊಸ ಕೀಟ ಬಂದ ದಿನದಿಂದ ಅದರ ಶತ್ರು ಬರುವ ದಿನದವರೆಗಿನ ಅವಧಿಯಲ್ಲೇ ನಷ್ಟವೆಲ್ಲ ಆಗುವುದು. 2008ರ ಜುಲೈನಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ಕಂಡುಬಂತು. ಪಪ್ಪಾಯಿ, ಮರಗೆಣಸು ಬೆಳ್ಳಗಾದವು. ಹಿಪ್ಪುನೇರಳೆಗೂ ಹತ್ತಿತು. ರೇಷ್ಮೆಹುಳು ತಿನ್ನುವ ಎಲೆಗೆ ವಿಷ ಹೊಡೆಯುವುದು ಹೇಗೆ? ಬೆಂಗಳೂರಿನ ಬ್ಯೂರೊ (ಆಗ ಅದಕ್ಕೆ ಬೇರೆ ಹೆಸರಿತ್ತು) ಪೋರ್ಟೊರಿಕೊದಿಂದ ಮೂರು ಕಣಜಗಳನ್ನು ತರಿಸಿದ್ದು 2010ರ ಜುಲೈನಲ್ಲಿ. ಪರೀಕ್ಷೆ ಮುಗಿಸಿ ಬಿಟ್ಟ ಕೆಲವೇ ತಿಂಗಳಲ್ಲಿ ತಿಗಣೆ ಅಡಗಿತು. ಅದರ ಲಾಭ ಐದು ವರ್ಷಗಳಲ್ಲಿ 50 ಕೋಟಿ ಡಾಲರ್‌ಗೂ ಹೆಚ್ಚು ಎಂದು ಅಮೆರಿಕದ ಅರ್ಥಶಾಸ್ತ್ರಜ್ಞರು 2014ರಲ್ಲಿ ಲೆಕ್ಕ ಹಾಕಿದರು. ಅಷ್ಟಾದರೂ ಎರಡು ವರ್ಷಗಳ ಬೆಳೆ ಹೋಗಿತ್ತು. 2020ರಲ್ಲಿ ತ್ರಿಶ್ಶೂರಿನಲ್ಲಿ ಮರಗೆಣಸಿನ ಹಿಟ್ಟು ತಿಗಣೆ ಸಿಕ್ಕಾಗಲೂ ಅಷ್ಟೇ. ಅದರ ಕಣಜ ಆಫ್ರಿಕಾದಲ್ಲಿ 1980ರ ದಶಕದಲ್ಲೇ ಗೆದ್ದು ತೋರಿಸಿತ್ತು, ಆ ಕೆಲಸಕ್ಕೆ ಕೀಟವಿಜ್ಞಾನಿ ಹ್ಯಾನ್ಸ್ ಹೆರೆನ್ ಅವರಿಗೆ 1995ರ ವಿಶ್ವ ಆಹಾರ ಪ್ರಶಸ್ತಿಯೂ ಬಂದಿತ್ತು. ಆದರೂ ಬೆನಿನ್‌ನಿಂದ ಅದು ಬಂದು ಸೇಲಂ ಜಿಲ್ಲೆಯ ಹೊಲಕ್ಕೆ ಇಳಿದದ್ದು 2022ರ ಮಾರ್ಚ್‌ನಲ್ಲಿ.

ವಿಳಂಬಕ್ಕೆ ಒಂದು ಕಾರಣ ಸರಿಯಾದದ್ದೇ. ಪರೀಕ್ಷೆಯಿಲ್ಲದೆ ಜೀವಿ ತಂದರೆ ಏನಾಗುತ್ತದೆಂಬುದನ್ನು 1935ರಲ್ಲಿ ಕಬ್ಬಿನ ದುಂಬಿಗೆಂದು ಕಪ್ಪೆ ತಂದ ಆಸ್ಟ್ರೇಲಿಯಾ ಇಂದಿಗೂ ಅನುಭವಿಸುತ್ತಿದೆ. ಇನ್ನೊಂದು ಕಾರಣ ಕಾಗದಪತ್ರದ್ದು. ಜೀವಿ ಸಂಪನ್ಮೂಲ ಹಂಚಿಕೆಯ ಅಂತರರಾಷ್ಟ್ರೀಯ ನಿಯಮಗಳು ದೇಶದಿಂದ ದೇಶಕ್ಕೆ ಕಣಜ ಕಳಿಸುವುದನ್ನು ಕಷ್ಟಗೊಳಿಸುತ್ತವೆಂದು ಜೈವಿಕ ನಿಯಂತ್ರಣ ತಜ್ಞ ಮ್ಯಾಥ್ಯೂ ಕಾಕ್ ಮತ್ತು ಸಂಗಡಿಗರು 2010ರಲ್ಲೇ ಎಚ್ಚರಿಸಿದ್ದರು. ಅಂಥ ನಿಯಮಗಳ ನಗೋಯಾ ಒಪ್ಪಂದ 2014ರಲ್ಲಿ ಜಾರಿಗೆ ಬಂತು.

ನ್ಯೂಜಿಲೆಂಡ್ ಈ ಕಾಯುವ ಅವಧಿಯನ್ನು ಮೊದಲೇ ಕುಗ್ಗಿಸಿಟ್ಟಿದೆ. ಕಂದು ಗಂಧಿ ತಿಗಣೆಯೊಂದು ಆ ದೇಶದಲ್ಲಿ ಇನ್ನೂ ನೆಲೆಸಿರದಿದ್ದಾಗಲೇ, ಅದರ ಮೊಟ್ಟೆಯನ್ನು ನಾಶಮಾಡುವ ಸಮುರಾಯ್ ಕಣಜವನ್ನು ಪರೀಕ್ಷಿಸಿ, ತಿಗಣೆ ಕಂಡರೆ ಬಿಡಲು 2018ರಲ್ಲಿ ಷರತ್ತಿನ ಅನುಮತಿ ಕೊಟ್ಟಿತು. ಬ್ರಾಂಟಿಸ್ಪಾದ ಕಣಜ ಯಾವುದೆಂದು ಗೊತ್ತಿದೆ, ಅದನ್ನು ಬೆಳೆಸುವ ಬಗೆ ವಿಯೆಟ್ನಾಂನವರಿಗೆ ಗೊತ್ತಿದೆ, ಸುರಕ್ಷತೆಯ ಪರೀಕ್ಷೆ ನಡೆಸುವ ಪ್ರಯೋಗಾಲಯ ಹೆಬ್ಬಾಳದಲ್ಲೇ ಇದೆ. ದುಂಬಿ ಮಿನಿಕಾಯ್ ದಾಟುವವರೆಗೆ ಕಡತ ತೆರೆಯದೆ ಕೂರಲು ಕಾರಣವೇ ಇಲ್ಲ. ಅಲಂಕಾರದ ತಾಳೆಗಿಡಗಳ ಆಮದಿಗೆ ಕಟ್ಟುನಿಟ್ಟಿನ ತಪಾಸಣೆಯೂ ಈಗಲೇ ಬೇಕು. ತೆಂಗಿಗೆ ರಾಸಾಯನಿಕ ಸಿಂಪಡಿಸುವ ಖರ್ಚಿಗೆ ಸರ್ಕಾರದ ಹಣ ಹೋಗುತ್ತಿದ್ದರೆ ಅದನ್ನು ತಾಲ್ಲೂಕು ಮಟ್ಟದ ಕಣಜ ಪ್ರಯೋಗಾಲಯಗಳಿಗೆ ತಿರುಗಿಸಬೇಕು. ಬಿಳಿನೊಣ ಉಲ್ಬಣಿಸುವುದು ಒಣ ಬೇಸಿಗೆಯಲ್ಲಿ, ಪಂಪುಗಳು ಹೊರಬರುವುದೂ ಆಗಲೇ. ಈ ತೀರ್ಮಾನಗಳು ಫೆಬ್ರುವರಿಗೆ ಮುಂಚೆ ಆಗಬೇಕು.