‘ಆನಿಯಾರಾ’: ಮೂರು ವಾರಕ್ಕೆಂದು ಹೊರಟವರು

ಬಾಹ್ಯಾಕಾಶದ ಸಿನಿಮಾ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ‘ಗ್ರಾವಿಟಿ’, ‘ಇಂಟರ್‌ಸ್ಟೆಲ್ಲರ್’, ‘ದಿ ಮಾರ್ಷಿಯನ್’. ಮೂರರಲ್ಲೂ ಏನೇ ಅನಾಹುತವಾದರೂ ಯಾರೋ ಒಬ್ಬರು ಬುದ್ಧಿ ಓಡಿಸಿ ದಾರಿ ಹುಡುಕುತ್ತಾರೆ. 2018ರ ಸ್ವೀಡಿಷ್ ಚಿತ್ರ ‘ಆನಿಯಾರಾ’ದಲ್ಲಿ ದಾರಿಯೇ ಇಲ್ಲ. ಅದಕ್ಕೇ ಇರಬೇಕು, ಇದನ್ನು ನೋಡಿದವರು ನನಗೆ ಸಿಕ್ಕಿದ್ದು ತೀರಾ ಕಡಿಮೆ.

ಪೆಲ್ಲಾ ಕೋಗರ್‌ಮನ್ ಮತ್ತು ಹ್ಯೂಗೋ ಲಿಲ್ಯಾ ಸೇರಿ ನಿರ್ದೇಶಿಸಿದ ಈ ಚಿತ್ರಕ್ಕೆ ಮೂಲ ಒಂದು ಕಾವ್ಯ. 1974ರಲ್ಲಿ ನೊಬೆಲ್ ಹಂಚಿಕೊಂಡ ಹ್ಯಾರಿ ಮಾರ್ಟಿನ್ಸನ್ 1956ರಲ್ಲೇ 103 ಭಾಗಗಳಲ್ಲಿ ಅದನ್ನು ಬರೆದಿದ್ದರು. ಮನುಷ್ಯ ಇನ್ನೂ ಒಂದು ಉಪಗ್ರಹವನ್ನೂ ಹಾರಿಸಿರದ ಕಾಲ ಅದು.

ಕಥೆ ಸರಳ. ಹಾಳಾದ ಭೂಮಿಯನ್ನು ಬಿಟ್ಟು ಜನ ಮಂಗಳಕ್ಕೆ ವಲಸೆ ಹೊರಟಿದ್ದಾರೆ. ಹಡಗಿನಲ್ಲಿ ಅಂಗಡಿ, ಹೋಟೆಲು, ಈಜುಕೊಳ ಎಲ್ಲ ಇದೆ. ನಮ್ಮ ಊರುಗಳ ಮಾಲ್‌ಗಿಂತ ಬೇರೆಯೇನಲ್ಲ. ಪ್ರಯಾಣ ಮೂರೇ ವಾರ. ಹೊರಟ ಸ್ವಲ್ಪ ಹೊತ್ತಿಗೆ ಬಾಹ್ಯಾಕಾಶದ ಕಸವೊಂದು ಬಡಿಯುತ್ತದೆ. ಸ್ಫೋಟ ತಪ್ಪಿಸಲು ಇಂಧನವನ್ನೇ ಹೊರಗೆ ಚೆಲ್ಲಬೇಕಾಗುತ್ತದೆ. ಹಡಗು ದಾರಿ ತಪ್ಪುತ್ತದೆ, ತಿರುಗಿಸುವ ಉಪಾಯವಿಲ್ಲ. ಆದರೆ ಕ್ಯಾಪ್ಟನ್ ಪ್ರಯಾಣಿಕರಿಗೆ ಹೇಳುವುದು ಬೇರೆ: ಯಾವುದಾದರೂ ಆಕಾಶಕಾಯ ಸಿಕ್ಕಿದೊಡನೆ ಅದನ್ನು ಸುತ್ತಿ ಮರಳೋಣ, ಹೆಚ್ಚೆಂದರೆ ಎರಡು ವರ್ಷ. ಅಂಥ ಆಕಾಶಕಾಯ ಆ ದಾರಿಯಲ್ಲಿಲ್ಲ ಎಂಬುದು ಹಡಗಿನ ಖಗೋಳಜ್ಞೆಗೆ ಗೊತ್ತು.

ಇಲ್ಲಿಂದ ಮುಂದೆ ಹಡಗಿಗೆ ಏನೂ ಆಗುವುದಿಲ್ಲ. ಆಗುವುದೆಲ್ಲ ಮನಸ್ಸುಗಳಿಗೆ. ಗಾಳಿ ಇದೆ, ನೀರಿದೆ, ತಿನ್ನಲು ಪಾಚಿ ಇದೆ. ಇಲ್ಲದಿರುವುದು ತಲುಪುವ ಜಾಗ ಮಾತ್ರ. ಅಧ್ಯಾಯಗಳ ತಲೆಬರಹದಲ್ಲಿ ಮೊದಲು ಗಂಟೆಯ ಲೆಕ್ಕ, ಆಮೇಲೆ ವಾರ, ಆಮೇಲೆ ವರ್ಷ. ನೋಡುವ ನಮಗೇ ಎದೆ ಭಾರವಾಗುತ್ತದೆ.

ಚಿತ್ರದ ಜೀವ ಇರುವುದು ‘ಮಿಮಾ’ದಲ್ಲಿ. ಜನರ ನೆನಪುಗಳನ್ನು ಓದಿ, ಹಿಂದಿನ ಹಸಿರು ಭೂಮಿಯನ್ನು ಅವರಿಗೇ ತೋರಿಸುವ ಯಂತ್ರವದು. ಅದನ್ನು ನೋಡಿಕೊಳ್ಳುವವಳು ಎಮಿಲಿ ಯೋನ್ಸನ್ ಅಭಿನಯಿಸಿದ ನಾಯಕಿ. ಮೊದಲು ಆ ಕೋಣೆಗೆ ಬರುವವರೇ ಇಲ್ಲ. ಅಪಘಾತದ ನಂತರ ಸಾಲು ನಿಲ್ಲುತ್ತದೆ. ಕಾಡು, ಕೆರೆ, ಮಳೆ ನೋಡಲು ಜನ ಮುಗಿಬೀಳುತ್ತಾರೆ. ಆದರೆ ನೆನಪುಗಳ ಜೊತೆ ಅವರ ದುಃಖ, ಭಯವೂ ಯಂತ್ರದೊಳಗೆ ಇಳಿಯುತ್ತದೆ. ಅಷ್ಟನ್ನು ತಾಳಲಾರದೆ ಮಿಮಾ ತನ್ನನ್ನೇ ನಾಶಮಾಡಿಕೊಳ್ಳುತ್ತದೆ. ಆಮೇಲೆ ಹುಟ್ಟುವುದು ಪಂಥಗಳು, ಪೂಜೆಗಳು, ಆತ್ಮಹತ್ಯೆಗಳು.

ಇದು ಬರೀ ಕಲ್ಪನೆಯಲ್ಲ. ಗಗನಯಾತ್ರಿಗಳಿಗಿರುವ ಐದು ಮುಖ್ಯ ಅಪಾಯಗಳಲ್ಲಿ ವಿಕಿರಣದ ಜೊತೆಗೇ ಒಂಟಿತನ, ಭೂಮಿಯಿಂದ ದೂರ ಇವನ್ನೂ ನಾಸಾ ಎಣಿಸುತ್ತದೆ. 2010-11ರಲ್ಲಿ ಮಾಸ್ಕೋದಲ್ಲಿ ಆರು ಜನರನ್ನು 520 ದಿನ ಕೃತಕ ನೌಕೆಯಲ್ಲಿ ಕೂಡಿಟ್ಟು ಮಂಗಳಯಾನದ ಅಭ್ಯಾಸ ನಡೆಯಿತು. ಅವರ ಓಡಾಟ ತಗ್ಗಿತು, ಕೆಲವರ ನಿದ್ದೆಯ ಲಯವೇ ತಪ್ಪಿತು. ಎಂಟು ದಿನಕ್ಕೆಂದು 2024ರ ಜೂನ್‌ನಲ್ಲಿ ಹೋದ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಮರಳಿದ್ದು 286 ದಿನಗಳ ನಂತರ. ಆದರೆ ಅವರು ಪಳಗಿದವರು, ಕಿಟಕಿಯ ಕೆಳಗೇ ಭೂಮಿ ಇತ್ತು, ಮನೆಯವರ ಜೊತೆ ಮಾತಾಡಬಹುದಿತ್ತು. ಮಂಗಳ ತೀರಾ ದೂರವಿರುವಾಗ ನಮ್ಮ ಒಂದು ಮಾತು ಅಲ್ಲಿಗೆ ತಲುಪಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು. ನಮ್ಮ ಗಗನಯಾನದ ಯಾತ್ರಿಗಳು ಬೆಂಗಳೂರಿನಲ್ಲಿ ತರಬೇತಿ ಪಡೆಯುತ್ತಿರುವ ಈ ಹೊತ್ತಿನಲ್ಲಿ, ರಾಕೆಟ್ಟಿನಷ್ಟೇ ಮನಸ್ಸಿನ ವಿಚಾರವನ್ನೂ ನಾವು ಮಾತಾಡಬೇಕು.

ಈ ಚಿತ್ರ ನನ್ನನ್ನು ಕಾಡಿದ್ದಕ್ಕೆ ಇನ್ನೊಂದು ಕಾರಣವಿದೆ. ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಸಾಗರದ ಹತ್ತಿರದ ಹಳ್ಳಿಯಿಂದ ಪುಣೆಗೆ ಕರೆತಂದೆ. “ಮಳೆಗಾಲ ಮುಗಿಯಲಿ, ವಾಪಸ್ ಹೋಗೋಣ” ಎಂದಿದ್ದೆ. ಈಗ ನಾಲ್ಕನೆಯ ಮಳೆಗಾಲ. ಪ್ರತಿಸಲವೂ ಒಂದು ಹೊಸ ದಿನಾಂಕ ಹೇಳಿದ್ದೇನೆ. ಏಳನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಅಪ್ಪ ದಿನಾ ಸಂಜೆ ಮೊಬೈಲಿನಲ್ಲಿ ಮಲೆನಾಡಿನ ಮಳೆಯ ವಿಡಿಯೊ ನೋಡುತ್ತಾರೆ. ಅದು ಅವರಿಗೆ ಸಮಾಧಾನ ಕೊಡುತ್ತದೆ ಎಂದುಕೊಂಡು ನಾನೇ ಹುಡುಕಿ ಕಳಿಸುತ್ತಿದ್ದೆ.

ಆ ರಾತ್ರಿ ಅಪ್ಪ ಪಕ್ಕದಲ್ಲಿ ಕೂತು ಅರ್ಧ ಗಂಟೆ ಸಿನಿಮಾ ನೋಡಿದರು. ಸಬ್‌ಟೈಟಲ್ ಓದಿ ನಾನೇ ಹೇಳುತ್ತಿದ್ದೆ. ಕ್ಯಾಪ್ಟನ್ ಎರಡು ವರ್ಷ ಎಂದಾಗ ಅಪ್ಪ ನಕ್ಕರು. “ಅವನಿಗೆ ಗೊತ್ತುಂಟು ಆಗುವುದಿಲ್ಲ ಅಂತ. ಹೇಳಿದ್ದರೆ ಅವರೂ ಏನಾದರೂ ಯೋಚನೆ ಮಾಡಿಕೊಳ್ಳುತ್ತಿದ್ದರು” ಎಂದು ಎದ್ದು ಮಲಗಲು ಹೋದರು. ಉಳಿದ ಚಿತ್ರವನ್ನು ನಾನೊಬ್ಬನೇ ನೋಡಿದೆ, ಸರಿಯಾಗಿ ನೋಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಇದ್ದದ್ದನ್ನು ಹೇಳಿದೆ: ಅಲ್ಲಿ ಒಬ್ಬರೇ ಇರುವುದು ಇನ್ನು ಆಗದು ಅಪ್ಪ, ಇದೇ ಮನೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾಲ್ಕು ಕುಂಡ ತಂದುಕೊಡು” ಎಂದರು. ಈಗ ಬಾಲ್ಕನಿಯಲ್ಲಿ ದೊಡ್ಡಪತ್ರೆ, ಒಂದೆಲಗ ಚಿಗುರಿವೆ. ಮಳೆಯ ವಿಡಿಯೊ ನಿಂತಿಲ್ಲ, ಕಡಿಮೆಯಾಗಿದೆ.

‘ಆನಿಯಾರಾ’ ಮಕ್ಕಳನ್ನು ಕೂರಿಸಿಕೊಂಡು ನೋಡುವ ಚಿತ್ರವಲ್ಲ. ಮನಸ್ಸು ಕುಗ್ಗಿರುವ ದಿನವೂ ಬೇಡ. ಕೊನೆಯ ದೃಶ್ಯದಲ್ಲಿ ಎಷ್ಟು ವರ್ಷ ಕಳೆದಿವೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ನೀವೇ ನೋಡಿ. ನೋಡಿದ ಮೇಲೆ ಮನೆಯಲ್ಲಿ ಯಾರಿಗಾದರೂ ಸುಳ್ಳು ದಿನಾಂಕ ಕೊಟ್ಟಿದ್ದೀರಾ ಎಂದು ಒಮ್ಮೆ ನೆನಪಿಸಿಕೊಳ್ಳಿ.