ಮೀನಿನ ತೊಟ್ಟಿಗೆ ಫಿಲ್ಟರ್ ಬೇಕೇ ಬೇಕಾ?

ನನ್ನ ಬಾಡಿಗೆ ರೂಮಿನ ಕಿಟಕಿ ಪಕ್ಕ 20 ಲೀಟರಿನ ಗಾಜಿನ ತೊಟ್ಟಿ ಇದೆ. ಫಿಲ್ಟರ್ ಇಲ್ಲ, ಗುಳ್ಳೆ ಬಿಡೋ ಮೋಟರ್ ಇಲ್ಲ. ಬಂದವರೆಲ್ಲ ಕೇಳೋದು ಒಂದೇ ಪ್ರಶ್ನೆ: ಮೀನು ಸಾಯಲ್ವಾ?

ಸತ್ತಿವೆ. ಮೊದಲ ತಿಂಗಳಲ್ಲೇ 4 ಗಪ್ಪಿ ಹೋದವು. ಫಿಲ್ಟರ್ ಇಲ್ಲದ್ದಕ್ಕಲ್ಲ, ಪ್ರೀತಿ ಜಾಸ್ತಿಯಾಗಿ ನಾನು ದಿನಕ್ಕೆ ಮೂರು ಸಲ ಆಹಾರ ಹಾಕಿದ್ದಕ್ಕೆ.

ಮೀನಿನ ಕಿವಿರಿನಿಂದ, ಕೊಳೆಯುವ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತೆ. ಅದು ಮೀನಿಗೆ ವಿಷ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ (ಇದೂ ವಿಷವೇ), ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್. ಆದರೆ ಇದೇ ಬ್ಯಾಕ್ಟೀರಿಯಾ ಮಣ್ಣು, ಕಲ್ಲು, ಎಲೆಗಳ ಮೇಲೂ ಬದುಕುತ್ತೆ. ಜೊತೆಗೆ ನೀರಿನ ಗಿಡಗಳು ಅಮೋನಿಯಾವನ್ನು ನೇರವಾಗಿ ಹೀರಿಕೊಳ್ಳುತ್ತವೆ; ನಮಗೆ ಕಸ, ಅವಕ್ಕೆ ಊಟ. ಡಯಾನಾ ವಾಲ್‌ಸ್ಟಡ್ 1999ರ ತಮ್ಮ ಪುಸ್ತಕದಲ್ಲಿ ಹೇಳಿದ್ದು ಇದನ್ನೇ. ಈ ಪದ್ಧತಿಗೆ ಅವರ ಹೆಸರೇ ಅಂಟಿಕೊಂಡಿದೆ.

ಮಾಡೋದು ಕಷ್ಟವಲ್ಲ. ತಳಕ್ಕೆ ಒಂದಿಂಚು ತೋಟದ ಮಣ್ಣು, ರಾಸಾಯನಿಕ ಗೊಬ್ಬರ ಬೆರೆಸದ್ದು. ಮೇಲೆ ಒಂದಿಂಚು ತೊಳೆದ ದಪ್ಪ ಮರಳು. ಬೇಗ ಬೆಳೆಯುವ ಗಿಡಗಳನ್ನು ಮೊದಲ ದಿನವೇ ಒತ್ತೊತ್ತಾಗಿ ನೆಡಿ. ನಾನು ನೆಟ್ಟಿದ್ದು ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ. ನಲ್ಲಿ ನೀರಿನ ಕ್ಲೋರಿನ್ ಹೋಗಲು ಬಕೆಟ್‌ನಲ್ಲಿ ಒಂದು ದಿನ ಬಿಡುತ್ತೇನೆ. ಗಿಡ ಚಿಗುರಿ ಎರಡು ಮೂರು ವಾರವಾದ ಮೇಲೇ ಮೀನು. ಗಂಡು ಗಪ್ಪಿಗಳೇ ಇರಲಿ, ಇಲ್ಲಾಂದ್ರೆ ಸಂಸಾರ ನಿಮ್ಮ ಕೈ ಮೀರುತ್ತೆ. ಹೆಚ್ಚಾದವನ್ನು ದಯವಿಟ್ಟು ಕೆರೆಗೆ ಬಿಡಬೇಡಿ.

ಕೆರೆ ಅಂದಾಗ ನೆನಪಾಯ್ತು. ನನ್ನ ಗಪ್ಪಿಗಳು ಸಾಯೋ ಮುಂಚೆ ಬೆಳಗಿನ ಜಾವ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಬೆಳಕಿಲ್ಲದಾಗ ಗಿಡವೂ ಆಮ್ಲಜನಕ ಎಳೆದುಕೊಳ್ಳುತ್ತೆ, ಉಳಿದ ಆಹಾರವನ್ನು ಕೊಳೆಸುವ ಬ್ಯಾಕ್ಟೀರಿಯಾವೂ ಎಳೆದುಕೊಳ್ಳುತ್ತೆ. ಸೂರ್ಯ ಹುಟ್ಟೋ ಹೊತ್ತಿಗೆ ನೀರಲ್ಲಿ ಉಸಿರೇ ಉಳಿದಿರಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗಲೂ ಕೊಳಚೆ ನೀರು, ಆಮ್ಲಜನಕದ ಕೊರತೆಯ ಮಾತೇ ಕೇಳಿಬಂದಿತ್ತು.

ಕೆರೆಗೂ ಫಿಲ್ಟರ್ ಇಲ್ಲ. ಅಂಚಿನ ಜೊಂಡು, ಜೌಗುನೆಲವೇ ಅದರ ಫಿಲ್ಟರ್. ನಾವು ಅದನ್ನು ಕಿತ್ತು ಕಲ್ಲು ಕಟ್ಟಿ ವಾಕಿಂಗ್ ಪಾತ್ ಮಾಡ್ತೀವಿ, ಮೀನು ಸತ್ತಾಗ ನಡುವೆ ಕಾರಂಜಿ ಇಡ್ತೀವಿ. ಕಾರಂಜಿ ಒಂದಿಷ್ಟು ಆಮ್ಲಜನಕ ಕೊಡುತ್ತೆ ನಿಜ, ಆದರೆ ಒಳಬರೋ ಕೊಳಚೆಯನ್ನು ತಡೆಯಲ್ಲ.

ನಾನೂ ಮೋಟರ್ ತರೋಕೆ ಅಂಗಡಿಗೆ ಹೊರಟಿದ್ದೆ. ತರಲಿಲ್ಲ. ಮೂರು ದಿನ ಆಹಾರ ನಿಲ್ಲಿಸಿ, ಅರ್ಧ ನೀರು ಬದಲಿಸಿದೆ. ಈಗ ದಿನಕ್ಕೊಂದು ಚಿಟಿಕೆ, ಅದೂ ಎರಡು ನಿಮಿಷದಲ್ಲಿ ತಿಂದು ಮುಗಿಸೋವಷ್ಟು. ಉಳಿದ 5 ಗಪ್ಪಿ ಚೆನ್ನಾಗಿವೆ. ಹೈಡ್ರಿಲ್ಲಾವನ್ನಂತೂ ವಾರಕ್ಕೊಮ್ಮೆ ಕತ್ತರಿಸಿ ಬಾಲ್ಕನಿಯ ಕರಿಬೇವಿನ ಬುಡಕ್ಕೆ ಹಾಕ್ತಿದೀನಿ.