ಅಂಚಿಗೆ ಬಳಿದ ಗಾಜು

ಹೈದರಾಬಾದಿನ ಕಂಚನ್‌ಬಾಗ್ ಲೋಹಕ್ಕೆ ಹೆಸರಾದ ಮೂಲೆ. ಉದ್ದುದ್ದ ಕಾಂಪೌಂಡು, ಗೇಟಿಗೊಬ್ಬ ಕಾವಲಿನವ. ಬೋರ್ಡು ಓದುತ್ತ ಹೋದರೆ ಮಿಧಾನಿ, ಡಿಎಂಆರ್‌ಎಲ್, ಎನ್‌ಎಫ್‌ಟಿಡಿಸಿ. ಈ ಕೊನೆಯವರು ಕೈಹಾಕಿರುವ ಘನ ಆಕ್ಸೈಡ್ ಇಂಧನ ಕೋಶದಲ್ಲಿ ಮಾತ್ರ ಹೆಚ್ಚು ತಲೆನೋವು ಗಾಜಿನದು.

ವಿದ್ಯುತ್ ಹುಟ್ಟಿಸುವ ಈ ಕೋಶವೆಂದರೆ ತೆಳ್ಳನೆಯ ಸೆರಾಮಿಕ್ ಬಿಲ್ಲೆ. ಒಂದು ಮಗ್ಗುಲಿಗೆ ಹೈಡ್ರೋಜನ್, ಇನ್ನೊಂದಕ್ಕೆ ಗಾಳಿ. ಬಿಸಿ 700ರಿಂದ 850 ಡಿಗ್ರಿ ಸೆಲ್ಸಿಯಸ್. ಕೆಲಸ ಮಾಡುವಾಗ ಒಂದು ಬಿಲ್ಲೆ ಕೊಡುವುದು ಒಂದು ವೋಲ್ಟಿಗೂ ಕಡಿಮೆ. ಹಾಗಾಗಿ ನಡುನಡುವೆ ಉಕ್ಕಿನ ತಟ್ಟೆಯಿಟ್ಟು ಹತ್ತಾರು ಬಿಲ್ಲೆ ಪೇರಿಸುತ್ತಾರೆ. ಅಂಚೊಂದು ಕೂದಲೆಳೆಯಷ್ಟು ಬಿಟ್ಟುಕೊಂಡರೂ ಹೈಡ್ರೋಜನ್ ಅಲ್ಲೇ ಹೊತ್ತಿಕೊಂಡು ವೋಲ್ಟೇಜ್ ಕುಸಿಯುತ್ತದೆ. ಈ ಬಿಸಿಯಲ್ಲಿ ರಬ್ಬರ್ ವಾಷರಿಗೆ ಕೆಲಸವಿಲ್ಲ; ಅಂಚು ಮುಚ್ಚುವ ಸೀಲು ಗಾಜಿನದು.

ಬೇರಿಯಂ, ಕ್ಯಾಲ್ಸಿಯಂ, ಅಲ್ಯುಮಿನಿಯಂ, ಸಿಲಿಕಾನ್‌ಗಳ ಆಕ್ಸೈಡು ಬೆರೆತ ಗಾಜನ್ನು ನುಣ್ಣಗೆ ಅರೆದು ಅಂಟಿನಲ್ಲಿ ಕಲಸಿದರೆ ಬಿಳಿ ಪೇಸ್ಟು. ಸಿರಿಂಜಿನ ಮೂತಿಯಿಂದ ಅದು ತಟ್ಟೆಯ ಅಂಚಿನುದ್ದಕ್ಕೂ ಎಳೆಯಾಗಿ ಇಳಿಯುತ್ತದೆ. ಮೂಲೆಯಲ್ಲಿ ತಿರುಗುವಾಗ ತುಸು ತಡೆದರೂ ಗಂಟು. ಮೇಲೆ ಭಾರ ಹೇರಿ ಕುಲುಮೆಗಿಟ್ಟರೆ ಮೊದಲು ಅಂಟು ಸುಟ್ಟುಹೋಗುತ್ತದೆ, ಆಮೇಲೆ ಗಾಜು ಮೆತ್ತಗಾಗಿ ಉಕ್ಕಿಗೂ ಬಿಲ್ಲೆಗೂ ಹತ್ತಿಕೊಳ್ಳುತ್ತದೆ. ಚಾರ್‌ಮಿನಾರ್ ಪಕ್ಕದ ಲಾಡ್ ಬಜಾರಿನ ಬಳೆಗಾರರು ಕೆಂಡದ ಮೇಲೆ ಅರಗು ಕಾಸಿ ಹರಳು ಕೂರಿಸುವುದೂ ಇಲ್ಲಿಯವರೆಗೆ ಹೀಗೇ. ಆದರೆ ಅರಗು ಮತ್ತೆ ಕಾಸಿದರೆ ಮತ್ತೆ ಮೆತ್ತಗಾಗುತ್ತದೆ. ಈ ಗಾಜು ಕುಲುಮೆಯಲ್ಲೇ ಹರಳುಗಟ್ಟಿ, ಆ ಬಿಸಿಯಲ್ಲೂ ಹರಿಯದಷ್ಟು ಬಿಗಿಯುತ್ತದೆ.

ಕಷ್ಟ ಶುರುವಾಗುವುದು ಆರುವಾಗ. ಬಿಲ್ಲೆಯ ಜಿರ್ಕೋನಿಯಾ ಡಿಗ್ರಿಗೆ ದಶಲಕ್ಷದಲ್ಲಿ ಸುಮಾರು 10.5 ಭಾಗ ಹಿಗ್ಗಿ ಕುಗ್ಗುತ್ತದೆ, ಕ್ರೋಮಿಯಂ ಉಕ್ಕು ಸುಮಾರು 12. ಗಾಜು ಇವೆರಡಕ್ಕೂ ಹೊಂದಬೇಕು, ಇಲ್ಲವೇ ಸೀಳಬೇಕು. ಸೀಳದಿದ್ದರೂ ನೆಮ್ಮದಿಯಿಲ್ಲ: ಗಾಳಿ ತಾಗುವ ಕಡೆ ಉಕ್ಕಿನ ಕ್ರೋಮಿಯಂ ಗಾಜಿನ ಬೇರಿಯಂ ಜೊತೆ ಕೂಡಿ ಹಳದಿ ಬೇರಿಯಂ ಕ್ರೋಮೇಟ್ ಆಗುತ್ತದೆ. ಅದರ ಹಿಗ್ಗು ವಿಪರೀತ. ಸೀಲು ಅಲ್ಲಿಂದಲೇ ಎದ್ದುಬರುತ್ತದೆ. ಉಕ್ಕಿಗೆ ಮೊದಲೇ ಅಲ್ಯುಮಿನಾ ಲೇಪ ಕೊಡುವುದು ಇದಕ್ಕೇ.

ಅಂಟಿಸುವ ಗೊಡವೆಯೇ ಬೇಡವೆನ್ನುವವರು ಅಭ್ರಕದ ಹಾಳೆಯಿಟ್ಟು ಬಿಗಿಯುತ್ತಾರೆ. ತೆಲುಗು ನಾಡಿನಲ್ಲಿ ಅಭ್ರಕವೆಂದರೆ ಗೂಡೂರು ಸೀಮೆಯ ಗಣಿಗಳು ನೆನಪಾಗುತ್ತವೆ. ಹಾಳೆ ಅಂಟಿಕೊಳ್ಳದ ಕಾರಣ ಉಕ್ಕು ಹಿಗ್ಗಿದರೂ ಜಾರಿಕೊಂಡು ಹೋಗುತ್ತದೆ, ಬಿರುಕಿನ ಭಯ ಕಡಿಮೆ. ಆದರೆ ಒತ್ತಡ ಸದಾ ಇರಬೇಕು, ಅನಿಲವೂ ತುಸು ಸೋರಿಯೇ ಸೋರುತ್ತದೆ. ಒಮ್ಮೆ ಹೊತ್ತಿಸಿ ತಿಂಗಳುಗಟ್ಟಲೆ ಆರಿಸದ ಯಂತ್ರಕ್ಕೆ ಗಾಜು ಸರಿ. ಕರೆಂಟು ಹೋದಾಗಷ್ಟೇ ಜನರೇಟರ್ ಚಾಲೂ ಮಾಡಿ ರೂಢಿಯಾದ ನಮ್ಮ ಅಪಾರ್ಟ್‌ಮೆಂಟುಗಳಿಗೆ ಅಭ್ರಕವೇ ಬೇಕಾದೀತು.